ಸುಕುಮಾರಣ್ಣನ ಮೊದಲ ಮತ

ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಕಾರಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಕೌಂಟರಿನ ಹಿಂದೆ ನಿಂತವರು ನಮ್ಮ ಸುಕುಮಾರಣ್ಣ. ಊರು ಉಡುಪಿ ಕಡೆಯ ಪಲಿಮಾರು. ಫೋನಿನಲ್ಲಿ ಎಂಜಿನ್ನಿನ ಸದ್ದು ಕೇಳಿಸಿದರೆ ಯಾವ ಬೆಲ್ಟು ಸವೆದಿದೆ ಎಂದು ಹೇಳುತ್ತಾರೆ. ಹತ್ತರಲ್ಲಿ ಎಂಟು ಸಲ ಅದು ಸರಿಯಾಗಿಯೇ ಇರುತ್ತದೆ. ಅದೇ ಧೈರ್ಯದಲ್ಲಿ ಅವರು ಲೋಕದ ಎಲ್ಲ ದೇಶಗಳ ಚುನಾವಣೆಯ ಫಲಿತಾಂಶವನ್ನೂ ಮೊದಲೇ ಹೇಳುತ್ತಿದ್ದರು. ಅದು ಹತ್ತರಲ್ಲಿ ಎರಡು ಸಲ ಸರಿಯಾದರೆ ಹೆಚ್ಚು.

ಅಭಿಪ್ರಾಯಕ್ಕೆ ಆ ಕೌಂಟರಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಈಜಿಪ್ಟಿನವನು. ಕ್ಯಾಷಿನಲ್ಲಿ ಕೂರುವ ಹುಡುಗಿ ಫಿಲಿಪ್ಪೀನ್ಸಿನವಳು. ಇಬ್ಬರೂ ತಮ್ಮ ತಮ್ಮ ದೇಶದ ಅಧ್ಯಕ್ಷರ ಚುನಾವಣೆ ಬಂದಾಗ ಇಲ್ಲಿನ ರಾಯಭಾರ ಕಚೇರಿಗೇ ಹೋಗಿ ಮತ ಹಾಕಿ ಬರುತ್ತಿದ್ದರು. ಹೋಗುವ ಮೊದಲು ಅವರಿಗೆ ಸುಕುಮಾರಣ್ಣನ ಸಲಹೆ ಸಿಗುತ್ತಿತ್ತು, ಬಂದ ಮೇಲೆ ವಿಮರ್ಶೆ. ಒಮ್ಮೆ ಆ ಹುಡುಗಿ, ನಿಮ್ಮ ಅಧ್ಯಕ್ಷರಿಗೆ ನೀವು ಯಾವಾಗ ಮತ ಹಾಕುವುದು ಎಂದು ಕೇಳಿದಳಂತೆ. ನಮ್ಮಲ್ಲಿ ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸುವುದಿಲ್ಲ, ಶಾಸಕರೂ ಸಂಸದರೂ ಆರಿಸುತ್ತಾರೆ ಎಂದು ಇವರು ಕಾಲು ಗಂಟೆ ವಿವರಿಸಿ ಪಾರಾದರು.

ನಿಜ ಸಂಗತಿ ಬೇರೆ ಇತ್ತು. ಐವತ್ತೈದು ವರ್ಷದ ಸುಕುಮಾರಣ್ಣ ಜೀವಮಾನದಲ್ಲಿ ಒಂದು ಸಲವೂ, ಯಾವುದಕ್ಕೂ, ಮತ ಹಾಕಿದವರಲ್ಲ.

ಅವರು ಕುವೈತಿಗೆ ಬಂದದ್ದು ಎಂಬತ್ತೆಂಟರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ. ಆಗ ಊರಿನಲ್ಲಿ ಮತದಾನಕ್ಕೆ ಇಪ್ಪತ್ತೊಂದು ತುಂಬಬೇಕಿತ್ತು. ಇವರು ಬಂದ ಮರುವರ್ಷ ಅದನ್ನು ಹದಿನೆಂಟಕ್ಕೆ ಇಳಿಸಿದರು. ಇರಾಕಿನ ಯುದ್ಧದ ಕಾಲದಲ್ಲಿ ಜೋರ್ಡಾನಿನ ದಾರಿ ಹಿಡಿದು ಊರು ಸೇರಿದ್ದರಿಂದ ತೊಂಬತ್ತೊಂದರ ಚುನಾವಣೆಗೆ ಅವರು ಪಲಿಮಾರಿನಲ್ಲೇ ಇದ್ದರು. ಆದರೆ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇದ್ದದ್ದು ‘ಸುಕುಮಾರಿ, ಸ್ತ್ರೀ, ವಯಸ್ಸು ಅರವತ್ತೆರಡು’ ಎಂದು. ಮತಗಟ್ಟೆಯ ಅಧಿಕಾರಿ ಒಮ್ಮೆ ಪಟ್ಟಿ ನೋಡಿದರು, ಒಮ್ಮೆ ಇವರ ಮೀಸೆ ನೋಡಿದರು, ಮುಂದಿನವರನ್ನು ಕರೆದರು. ಆಮೇಲೆ ಮತ್ತೆ ಕುವೈತು. ರಜೆ ಸಿಕ್ಕಾಗ ಚುನಾವಣೆ ಇಲ್ಲ, ಚುನಾವಣೆ ಇದ್ದಾಗ ರಜೆ ಇಲ್ಲ. ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲಿನಲ್ಲಿ ಅಕ್ಕನ ಮಗನ ಮದುವೆಗೆಂದು ಹೊರಟರು. ವಿಮಾನ ಇಳಿಯುವ ಎರಡು ದಿನ ಮೊದಲು ಮತದಾನ ಮುಗಿದಿತ್ತು. ಟ್ಯಾಕ್ಸಿಯವನಿಂದ ಹಿಡಿದು ಮದುಮಗಳವರೆಗೆ ಎಲ್ಲರ ಬೆರಳಿನಲ್ಲೂ ಶಾಯಿ. ಮದುವೆಯ ಫೋಟೋಗಳಲ್ಲಿ ಸುಕುಮಾರಣ್ಣ ಎಡಗೈ ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದಾರೆ.

ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಕಡಲತಡಿ ಬಳಗದ ಅಧ್ಯಕ್ಷರು ಕುವೈತು ಬಿಟ್ಟು ಖಾಯಂ ಆಗಿ ಊರಿಗೆ ಹೋದರು. ಬಳಗ ಎಂದರೆ ಕರಾವಳಿಯಿಂದ ಬಂದ ನಾವು ಇನ್ನೂರ ಹನ್ನೆರಡು ಮಂದಿ, ತುಳುವರು, ಕೊಂಕಣಿಯವರು, ಬ್ಯಾರಿಗಳು. ವರ್ಷಕ್ಕೊಂದು ಪಿಕ್‌ನಿಕ್, ಒಂದು ಆಟೋಟ, ಒಂದು ವಾರ್ಷಿಕೋತ್ಸವ. ಆ ಅಧ್ಯಕ್ಷರು ಹತ್ತೊಂಬತ್ತು ವರ್ಷ ಚಪ್ಪಾಳೆಯಿಂದಲೇ ಆಯ್ಕೆಯಾದವರು. ಅವರು ಹೋದ ಮೇಲೆ ಖಾಲಿ ಕುರ್ಚಿಗೆ ಇಬ್ಬರು ಅರ್ಜಿ ಹಾಕಿದರು. ಯಾರೂ ಓದದ ಬಳಗದ ನಿಯಮಾವಳಿಯನ್ನು ತೆಗೆದು ನೋಡಿದಾಗ ಅದರಲ್ಲಿ ಗುಪ್ತ ಮತದಾನ ಎಂದು ಬರೆದಿತ್ತು. ವಯಸ್ಕ ಸದಸ್ಯರಿಗೆಲ್ಲ ತಲೆಗೊಂದು ಮತ. ನವೆಂಬರ್ ಎಂಟರ ಶುಕ್ರವಾರ ಸಾಲ್ಮಿಯಾದ ಒಂದು ಹೋಟೆಲಿನ ಮಹಡಿಯಲ್ಲಿ ಚುನಾವಣೆ.

ವಾಟ್ಸ್‌ಆ್ಯಪಿನಲ್ಲಿ ಆ ನೋಟಿಸು ಬಂದಾಗ ಸುಕುಮಾರಣ್ಣ ಆಯಿಲ್ ಫಿಲ್ಟರುಗಳ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತೇಬಿಟ್ಟರು. ಮೂರು ಸಲ ಓದಿದರು. ಆಮೇಲೆ ನರ್ಸರಿ ಶಾಲೆಯಲ್ಲಿ ಕೆಲಸಕ್ಕಿದ್ದ ಹೆಂಡತಿ ಕುಸುಮಾವತಿಯಕ್ಕನಿಗೆ ಫೋನು ಮಾಡಿದರು.

“ಕುಸುಮಾ, ನಮಗೆ ವೋಟ್ ಉಂಟು.”

ಆ ಕಡೆ ಇಪ್ಪತ್ತು ಮಕ್ಕಳಿಗೆ ಊಟ ಮಾಡಿಸುವ ಹೊತ್ತು. ಅದು ಎಲ್ಲಿಗೂ ಓಡಿ ಹೋಗುವುದಿಲ್ಲ, ಆಮೇಲೆ ಮಾತಾಡುವ ಎಂದು ಹೇಳಿ ಅಕ್ಕ ಫೋನು ಇಟ್ಟರು.

ಕಣದಲ್ಲಿದ್ದವರು ಯೂಜಿನ್ ಮತ್ತು ಶೈಲೇಶ್. ಯೂಜಿನಣ್ಣನಿಗೆ ಅರವತ್ತೆರಡು, ಆಸ್ಪತ್ರೆಯೊಂದರ ಸ್ಟೋರಿನ ಮೇಲ್ವಿಚಾರಕರು. ಬಳಗದ ಕುರ್ಚಿ ಹಾಕಿಸುವುದರಿಂದ ಹಿಡಿದು ಉಳಿದ ಅನ್ನ ಹಂಚುವವರೆಗೆ ಎಲ್ಲವನ್ನೂ ಇಷ್ಟು ವರ್ಷ ಮಾಡಿದವರು ಅವರೇ. ಶೈಲೇಶನಿಗೆ ಮೂವತ್ತೆಂಟು, ವಿಮಾ ಕಂಪನಿಯಲ್ಲಿ ಕೆಲಸ, ನಡೆಯುವುದೇ ಓಡಿದ ಹಾಗೆ. ಬಳಗಕ್ಕೊಂದು ಆ್ಯಪು ಬೇಕು, ಸಬ್ಹಾನಿನ ಕಾರ್ಮಿಕರ ಕ್ಯಾಂಪುಗಳಲ್ಲಿರುವ ನಮ್ಮ ಹುಡುಗರಿಗೆ ತಿಂಗಳಿಗೊಮ್ಮೆ ಡಾಕ್ಟರನ್ನು ಕರೆದುಕೊಂಡು ಹೋಗಬೇಕು ಎನ್ನುವುದು ಅವನ ಮಾತು. ಎಲ್ಲರೂ ಸಾಲಾಗಿ ಕೂತು ಬಡಿಸಿಕೊಂಡು ಉಣ್ಣುವ ಪದ್ಧತಿ ಬಿಡಬಾರದು, ಬುಫೆ ಬಂದರೆ ಬಳಗ ಉಳಿಯುವುದಿಲ್ಲ ಎನ್ನುವುದು ಯೂಜಿನಣ್ಣನ ಮಾತು.

ಮೊದಲ ವಾರ ಸುಕುಮಾರಣ್ಣ ನಿಶ್ಚಿಂತರಾಗಿದ್ದರು. ಯೂಜಿನಣ್ಣ ಗೆಲ್ಲುವುದು ಖಂಡಿತ ಎಂದು ಬಳಗದ ಗ್ರೂಪಿನಲ್ಲಿ ಬರೆದರು, ಯಾಕೆ ಎಂಬುದಕ್ಕೆ ಏಳು ಕಾರಣ ಕೊಟ್ಟರು. ಯಾರೋ ಐದನೆಯ ಕಾರಣ ತಪ್ಪು ಎಂದದ್ದಕ್ಕೆ ಇನ್ನೂ ಮೂರು ಸೇರಿಸಿದರು. ಮೂವತ್ತಾರು ವರ್ಷ ಬೇರೆ ದೇಶದವರ ಚುನಾವಣೆಯಲ್ಲಿ ದುಡಿದ ಮನುಷ್ಯನಿಗೆ ಸ್ವಂತದ ಒಂದು ಚುನಾವಣೆ ಸಿಕ್ಕಿತ್ತು. ಕೌಂಟರಿನಲ್ಲಿ ಬ್ರೇಕ್ ಪ್ಯಾಡ್ ಕೇಳಿದವರಿಗೆ ಕ್ಲಚ್ ಪ್ಲೇಟು ಕೊಟ್ಟದ್ದೂ ಉಂಟು. ಊರಿಗೆ ಫೋನು ಮಾಡಿದಾಗ ಅಕ್ಕನ ಆರೋಗ್ಯ ವಿಚಾರಿಸುವ ಮೊದಲೇ, ನಮ್ಮಲ್ಲಿ ಪ್ರಚಾರ ಜೋರಾಗಿದೆ ಎಂದು ಹೇಳುತ್ತಿದ್ದರಂತೆ.

ಎರಡನೆಯ ವಾರ ಅಭ್ಯರ್ಥಿಗಳು ಮನೆಮನೆಗೆ ಬರಲು ಶುರು ಮಾಡಿದರು. ಸುಕುಮಾರಣ್ಣನ ಕಷ್ಟ ಅಲ್ಲಿಂದ ಆರಂಭವಾಯಿತು. ಯೂಜಿನಣ್ಣ ಬಂದು ಸೋಫಾದಲ್ಲಿ ಕುಳಿತು, ಬಳಗ ಹುಟ್ಟಿದ ವರ್ಷದಿಂದ ಮಾತು ತೆಗೆದರು. ಚಹಾ ತಣಿಯಿತು, ಎರಡನೆಯ ಚಹಾ ಬಂತು, ಅವರು ಇನ್ನೂ ಎರಡು ಸಾವಿರದ ಏಳನೇ ಇಸವಿಯ ಕ್ರೀಡಾಕೂಟದಲ್ಲಿದ್ದರು. ಸುಕುಮಾರಣ್ಣ ನಯವಾಗಿ ಹೇಳಿದರು: ಯೂಜಿನಣ್ಣ, ಹಿಂದಿನದ್ದು ಎಲ್ಲರಿಗೂ ಗೊತ್ತುಂಟು; ಮುಂದೆ ಎಂತ ಮಾಡ್ತೀರಿ ಅಂತ ಎರಡೇ ಮಾತಿನಲ್ಲಿ ಹೇಳಿ. ಯೂಜಿನಣ್ಣ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ಆಸ್ಪತ್ರೆಯ ಸ್ಟೋರಿನ ಆ ದೊಡ್ಡ ಮನುಷ್ಯ ತನ್ನ ಮಾತನ್ನು ಬರೆದುಕೊಳ್ಳುವುದನ್ನು ನೋಡಿ ಸುಕುಮಾರಣ್ಣನ ಕಣ್ಣು ಮಂಜಾಯಿತು.

ಎರಡು ದಿನ ಬಿಟ್ಟು ಶೈಲೇಶ ಬಂದ. ನಿಂತುಕೊಂಡೇ ಮಾತಾಡಿದ, ಲ್ಯಾಪ್‌ಟಾಪು ತೆರೆದು ಬಣ್ಣದ ಪಟ್ಟಿಗಳನ್ನು ತೋರಿಸಿದ, ಹತ್ತು ನಿಮಿಷದಲ್ಲಿ ಹೊರಟ. ಬಾಗಿಲಲ್ಲಿ ಅವನನ್ನು ತಡೆದು ಸುಕುಮಾರಣ್ಣ ಅವನಿಗೂ ಒಂದು ಸಲಹೆ ಕೊಟ್ಟರು. ಹೋದಲ್ಲಿ ಕೂತುಕೋ ಮಾರಾಯ, ಕೊಟ್ಟದ್ದನ್ನು ತಿನ್ನು, ಆಮೇಲೆ ಆ್ಯಪಿನ ವಿಷಯ ತೆಗಿ ಎಂದರು. ಶೈಲೇಶ ತಿರುಗಿ ಒಳಗೆ ಬಂದು ಕೂತ, ಕುಸುಮಾವತಿಯಕ್ಕ ಕೊಟ್ಟ ನೀರುಳ್ಳಿ ಬಜೆ ಪೂರ್ತಿ ತಿಂದ, ಸಬ್ಹಾನಿನಲ್ಲಿ ಜ್ವರ ಬಂದು ಮಲಗಿದ್ದ ಬೆಳ್ಮಣ್ಣಿನ ಹುಡುಗನೊಬ್ಬನ ಕಥೆ ಹೇಳಿದ. ಅದನ್ನು ಹೇಳುವಾಗ ಅವನು ಲ್ಯಾಪ್‌ಟಾಪು ನೋಡಲಿಲ್ಲ.

ಮೂರನೆಯ ವಾರದ ಹೊತ್ತಿಗೆ ಆದದ್ದೇನೆಂದರೆ, ಯೂಜಿನಣ್ಣ ಚುಟುಕಾಗಿ ಮಾತಾಡತೊಡಗಿದ್ದರು, ಶೈಲೇಶ ನಿಧಾನವಾಗಿ ಕೂತು ಕೇಳತೊಡಗಿದ್ದ. ಇಬ್ಬರೂ ಹೋದಲ್ಲೆಲ್ಲ, ಸುಕುಮಾರಣ್ಣ ಹೇಳಿದ ಹಾಗೆ ಎನ್ನುತ್ತಿದ್ದರು. ಇಬ್ಬರನ್ನೂ ತಿದ್ದಿ ಇಷ್ಟು ಒಳ್ಳೆಯ ಅಭ್ಯರ್ಥಿಗಳನ್ನಾಗಿ ಮಾಡಿದ ಮೇಲೆ ಒಬ್ಬರನ್ನು ಬಿಡುವುದು ಹೇಗೆ ಎಂದು ಇವರಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಯೂಜಿನಣ್ಣ, ಶುವೈಖ್ ತಲುಪುವಾಗ ಶೈಲೇಶ, ಮಧ್ಯಾಹ್ನದ ಊಟದಲ್ಲಿ ಮೀನಿದ್ದರೆ ಮತ್ತೆ ಯೂಜಿನಣ್ಣ. ಆದರೆ ಬೇಸರ ಮಾತ್ರ ಇರಲಿಲ್ಲ. ಇಂಥ ಸುಖದ ಸಂಕಟವನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಹೆಂಡತಿಯ ಮತ ಯಾರಿಗೆ ಎಂದು ತಿಳಿದರೆ ತನ್ನದನ್ನು ಇನ್ನೊಬ್ಬರಿಗೆ ಹಾಕಿ ಮನೆಯ ಮಟ್ಟಿಗೆ ನ್ಯಾಯ ಒದಗಿಸಬಹುದು ಎಂದು ಅವರಿಗೆ ಹೊಳೆಯಿತು. ಸುತ್ತಿ ಬಳಸಿ ಕೇಳಿದರು. ಕುಸುಮಾವತಿಯಕ್ಕ ಬಟ್ಟೆ ಮಡಚುತ್ತಿದ್ದರು.

“ಗುಪ್ತ ಮತದಾನ ಅಂತ ಬರೆದಿದ್ದಾರಲ್ಲ? ಗುಪ್ತ ಅಂದ್ರೆ ಗುಪ್ತ. ನೀವು ನಿಮ್ಮದು ನೋಡಿ.”

ಮಗಳು ಅಕ್ಷಿತಾಳಿಗೆ ಹದಿನಾರು; ಅವಳಿಗೆ ಮತವಿಲ್ಲ, ಆದರೆ ಮೋಜು ಎಲ್ಲರಿಗಿಂತ ಹೆಚ್ಚು. ಅಪ್ಪನ ಅಭ್ಯಾಸಕ್ಕೆಂದು ಅವಳು ಕಂಪ್ಯೂಟರಿನಲ್ಲಿ ಮಾದರಿ ಮತಪತ್ರ ಮಾಡಿಕೊಟ್ಟಳು. ಊಟದ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಇಟ್ಟುಕೊಂಡು ಸುಕುಮಾರಣ್ಣ ನಾಲ್ಕು ಸಂಜೆ ಅಭ್ಯಾಸ ಮಾಡಿದರು. ಟಿಕ್ಕು ಚೌಕದ ಹೊರಗೆ ಹೋಗುತ್ತಿತ್ತು.

“ಪಪ್ಪಾ, ಇಟ್ಸ್ ಜಸ್ಟ್ ಎ ಟಿಕ್,” ಎಂದಳು ಅವಳು.

ಅದೇ ವಾರ ಅಮೆರಿಕದಲ್ಲೂ ಅಧ್ಯಕ್ಷರ ಚುನಾವಣೆ. ಬೇರೆ ವರ್ಷವಾಗಿದ್ದರೆ ಸುಕುಮಾರಣ್ಣ ಅಂಗಡಿಗೆ ರಜೆ ಹಾಕಿ ಟಿವಿ ಮುಂದೆ ಕೂರುತ್ತಿದ್ದರು. ಮಂಗಳವಾರ ಈಜಿಪ್ಟಿನ ಮೆಕ್ಯಾನಿಕ್ ಬಂದು, ಏನು ಭಾಯಿ, ಈ ಸಲ ಯಾರು ಎಂದು ಕೇಳಿದಾಗ, ಅಲ್ಲಿಯದು ಹೇಗಾದರೂ ಆಗುತ್ತದೆ, ನಮ್ಮಲ್ಲಿ ಭಾರೀ ಟೈಟ್ ಇದೆ ಎಂದು ಅವನನ್ನು ನಿಲ್ಲಿಸಿಕೊಂಡು ಯೂಜಿನ್ ಮತ್ತು ಶೈಲೇಶರ ಗುಣದೋಷಗಳನ್ನು ಪೂರ್ತಿ ವಿವರಿಸಿದರು. ಅವನು ತಲೆ ಕೆರೆದುಕೊಂಡು, ತಾನಾದರೆ ಮುದುಕನಿಗೆ ಹಾಕುತ್ತೇನೆ ಎಂದು ಹೇಳಿ ಗಾಸ್ಕೆಟ್ ತೆಗೆದುಕೊಂಡು ಹೋದ.

ಶುಕ್ರವಾರ ಮತದಾನ ಒಂದರಿಂದ ಮೂರರವರೆಗೆ. ಸುಕುಮಾರಣ್ಣ ಹನ್ನೆರಡಕ್ಕೇ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಚುನಾವಣಾಧಿಕಾರಿ ತೆರೆಸಾ, ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತಾರು ವರ್ಷ ಹೆಡ್ ನರ್ಸ್ ಆಗಿದ್ದವರು. ಸರ್ಜನ್ನುಗಳೇ ಅವರ ಎದುರು ಮಾತಾಡುತ್ತಿರಲಿಲ್ಲವೆಂದು ಹೇಳುತ್ತಾರೆ. ಒಂದು ಗಂಟೆಗೆ ಮುಂಚೆ ಒಳಗೆ ಬರುವ ಹಾಗಿಲ್ಲ ಎಂದು ಅವರು ಸುಕುಮಾರಣ್ಣನನ್ನು ಮೆಟ್ಟಿಲ ಕೆಳಗೆ ಕಳಿಸಿದರು. ನಾನು ಬಂದಾಗ ಇವರು ಮೆಟ್ಟಿಲಿನಲ್ಲಿ ನಿಂತು, ಬರುವವರನ್ನೆಲ್ಲ ಮದುವೆ ಮನೆಯ ಯಜಮಾನನ ಹಾಗೆ ಕೈಮುಗಿದು ಎದುರುಗೊಳ್ಳುತ್ತಿದ್ದರು. ಯಾರಿಗೆ ಹಾಕಬೇಕು ಎಂದು ಯಾರಿಗೂ ಹೇಳಲಿಲ್ಲ. ಹಾಕಿ ಎಂದು ಮಾತ್ರ ಹೇಳಿದರು.

ಮೊದಲು ಒಳಗೆ ಹೋದವರೂ ಅವರೇ. ಪರದೆಯ ಹಿಂದೆ ಆರು ನಿಮಿಷ ಇದ್ದರು. ಸಾಲು ಮೆಟ್ಟಿಲ ತನಕ ಬೆಳೆಯಿತು. ತೆರೆಸಾ ಒಮ್ಮೆ ಕೆಮ್ಮಿದರು, ಆಮೇಲೆ ಇನ್ನೊಮ್ಮೆ. ಕೊನೆಗೆ ಸುಕುಮಾರಣ್ಣ ಹೊರಬಂದು ಚೀಟಿಯನ್ನು ಪೆಟ್ಟಿಗೆಗೆ ಹಾಕಿದರು, ಅದು ಬಿದ್ದ ಸದ್ದು ಕೇಳಲು ಕಿವಿ ಬಗ್ಗಿಸಿದರು. ಆಮೇಲೆ ಜೇಬಿನಿಂದ ನೀಲಿ ಮಾರ್ಕರ್ ತೆಗೆದು ತೆರೆಸಾರ ಮುಂದಿಟ್ಟು, ಎಡಗೈ ತೋರುಬೆರಳು ಚಾಚಿದರು. ನಿಯಮಾವಳಿಯಲ್ಲಿ ಶಾಯಿಯ ವಿಷಯ ಇರಲಿಲ್ಲ. ಹಾಕಬಾರದೆಂದೂ ಇರಲಿಲ್ಲ. ತೆರೆಸಾ ಸುಕುಮಾರಣ್ಣನ ಮುಖ ನೋಡಿದರು. ಏನು ಕಂಡಿತೋ, ಮಾರ್ಕರಿನ ಮುಚ್ಚಳ ತೆಗೆದು ಬೆರಳು ಹಿಡಿದುಕೊಂಡರು.

“ಅಲ್ಲಾಡಿಸಬೇಡಿ,” ಎಂದರು, ಇಂಜೆಕ್ಷನ್ ಕೊಡುವವರ ಹಾಗೆ.

ಆ ನೀಲಿ ಬೆರಳನ್ನು ಎತ್ತಿ ಹಿಡಿದು ಸುಕುಮಾರಣ್ಣ ಹೊರಗೆ ಬಂದದ್ದೇ ತಡ, ಸಾಲಿನಲ್ಲಿದ್ದವರಿಗೆಲ್ಲ ಶಾಯಿ ಬೇಕಾಯಿತು. ನಮ್ಮಲ್ಲಿ ಅರ್ಧದಷ್ಟು ಮಂದಿ ಎಷ್ಟೋ ವರ್ಷಗಳಿಂದ ಮತ ಹಾಕದವರು ಎಂದು ನನಗೆ ಹೊಳೆದದ್ದೇ ಆಗ. ಸುಬೈದಾ ಎಂಬ ಹಿರಿಯ ಹೆಂಗಸು ಬೆರಳಿಗೆ ಶಾಯಿ ಹಾಕಿಸಿಕೊಂಡು ನಗುತ್ತ ನಗುತ್ತ ಕುರ್ಚಿಯಲ್ಲಿ ಕೂತವರು ಹತ್ತು ನಿಮಿಷ ಏಳಲಿಲ್ಲ. ಎರಡೂವರೆಗೆ ಮಾರ್ಕರ್ ಒಣಗಿತು. ಯಾರೋ ಕೆಳಗಿನ ಬಕಾಲಾ ಅಂಗಡಿಗೆ ಓಡಿ ಇನ್ನೊಂದು ತಂದರು.

ಎಣಿಕೆ ಮೂರಕ್ಕೆ ಶುರುವಾಯಿತು. ಎರಡು ಕಡೆಯ ಏಜೆಂಟರು ಆಚೆ ಈಚೆ, ನಡುವೆ ತೆರೆಸಾ. ಚೀಟಿಗಳು ಒಂದೊಂದಾಗಿ ಎರಡು ರಾಶಿಗೆ ಬೀಳುತ್ತಿದ್ದವು. ಇದ್ದಕ್ಕಿದ್ದಂತೆ ಒಂದು ಚೀಟಿ ತೆರೆಸಾರ ಕೈಯಲ್ಲೇ ಉಳಿಯಿತು. ಅವರು ಅದನ್ನು ಓದಿ, ತುಟಿ ಬಿಗಿಹಿಡಿದು, ಏಜೆಂಟರಿಗೆ ತೋರಿಸಿದರು. ಶೈಲೇಶನ ಏಜೆಂಟ್ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದ. ಟಿಕ್ಕು ಬಿಟ್ಟು ಬೇರೆ ಏನು ಬರೆದರೂ ಮತ ಅಸಿಂಧು, ಇಂಥ ಒಂದು ಇದೆ ಎಂದು ತೆರೆಸಾ ಘೋಷಿಸಿದರು. ಏನು ಬರೆದಿದೆ ಎಂದು ಹಾಲ್ ಕೇಳಿತು. ಓದುವ ಹಾಗಿಲ್ಲ, ಗುಪ್ತ ಎಂದರು ಅವರು.

ಮೂರನೆಯ ಸಾಲಿನಲ್ಲಿ ಸುಕುಮಾರಣ್ಣ ಎದ್ದು ನಿಂತರು. ಮುಖ ಕೆಂಪಾಗಿತ್ತು.

“ಓದಿ ಸಿಸ್ಟರ್. ಅದು ನನ್ನದೇ.”

ತೆರೆಸಾ ಕನ್ನಡಕ ಸರಿಮಾಡಿಕೊಂಡು ಓದಿದರು. ಯೂಜಿನ್ ಹೆಸರಿನ ಮುಂದೆ ಟಿಕ್ಕು, ಚೌಕದ ಒಳಗೇ, ಅಚ್ಚುಕಟ್ಟಾಗಿ. ಶೈಲೇಶನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಇವನೂ ಒಳ್ಳೆಯ ಹುಡುಗ. ಬೇಸರ ಮಾಡಿಕೊಳ್ಳಬಾರದು. ಮುಂದಿನ ಸಲ ಖಂಡಿತ.’

ನೂರಾರು ಮಂದಿ ಒಟ್ಟಿಗೆ ನಕ್ಕ ಸದ್ದಿಗೆ ಹೋಟೆಲಿನ ಅಡುಗೆಯವರು ಮಹಡಿ ಹತ್ತಿ ಬಂದರು. ಸುಕುಮಾರಣ್ಣ ಮೊದಲು ನಗಲಿಲ್ಲ. ಮೂವತ್ತಾರು ವರ್ಷ ಕಾದು ಹಾಕಿದ್ದು ಅಸಿಂಧುವಾಯಿತಲ್ಲ ಎಂದೇ ಆಗ ಅನಿಸಿದ್ದು ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಆದರೆ ಸುತ್ತಲೂ ಅಷ್ಟು ಮಂದಿ ನಗುವಾಗ ಸುಮ್ಮನಿರಲು ಅವರಿಂದಲೂ ಆಗಲಿಲ್ಲ.

ಎಣಿಕೆ ಮುಗಿಯಿತು. ಶೈಲೇಶನಿಗೆ ನೂರ ಹದಿನೇಳು, ಯೂಜಿನಣ್ಣನಿಗೆ ಎಪ್ಪತ್ತೆರಡು, ಅಸಿಂಧು ಒಂದು. ಅಂತರ ಇಷ್ಟು ದೊಡ್ಡದಾಗಿರುವಾಗ ಆ ಒಂದು ಮತದಿಂದ ಏನೂ ಬದಲಾಗುವುದಿಲ್ಲ. ಆದರೂ ಯೂಜಿನಣ್ಣ ಎದ್ದರು.

“ನನಗೆ ಬಿದ್ದದ್ದೇ ಕಮ್ಮಿ. ಅದ್ರಲ್ಲೂ ಒಂದನ್ನು ತೆಗೀತೀರಾ ತೆರೆಸಾ? ಟಿಕ್ ಸರಿ ಉಂಟಲ್ಲ.”

ಶೈಲೇಶ ಕೂಡ ಎದ್ದು, ಆ ಚೀಟಿಯನ್ನು ಎಣಿಸಲೇಬೇಕು, ಮುಂದಿನ ಚುನಾವಣೆಗೆ ತನಗೆ ಬರಹದಲ್ಲಿ ಸಿಕ್ಕಿದ ಮತ ಅದೊಂದೇ ಎಂದ. ನಿಯಮ ನಿಯಮವೇ ಎಂದರು ತೆರೆಸಾ. ನಿಯಮ ಮಾಡಿದ್ದು ನಾವೇ ಎಂದಿತು ಹಾಲ್. ಇಪ್ಪತ್ತು ನಿಮಿಷ ಈ ಚರ್ಚೆ ನಡೆಯಿತು. ಗೆದ್ದ ಅಧ್ಯಕ್ಷನಿಗೆ ಹಾರ ಹಾಕುವುದೂ ಮರೆತುಹೋಗಿತ್ತು. ಕಡೆಗೆ ತೆರೆಸಾ ಕೈಚೆಲ್ಲಿ, ಸುಕುಮಾರ ಅವರ ಮತವನ್ನು ಎಣಿಸಬೇಕೆನ್ನುವವರು ಕೈ ಎತ್ತಿ ಎಂದರು.

ನೀಲಿ ಬೆರಳುಗಳು ಒಮ್ಮೆಲೇ ಮೇಲೆದ್ದವು. ಸುಕುಮಾರಣ್ಣ ಅತ್ತಿತ್ತ ನೋಡಿ, ತಾನೂ ಎತ್ತಬಹುದೇ ಎಂದು ನನ್ನನ್ನು ಕೇಳಿದರು. ನೀವೂ ಸದಸ್ಯರಲ್ಲವೇ ಎಂದೆ. ಎತ್ತಿದರು, ಎರಡೂ ಕೈ. ಒಂದನ್ನು ಇಳಿಸಿ ಎಂದರು ತೆರೆಸಾ.

ವಿರೋಧ ಇರುವವರು ಎಂದು ಅವರು ಕೇಳಿದ್ದು ಬರೀ ಕ್ರಮಕ್ಕೆ. ಆದರೆ ಒಂದು ಕೈ ಎದ್ದಿತು. ಕುಸುಮಾವತಿಯಕ್ಕನದು.

“ನಾಲ್ಕು ದಿನ ಮೇಜಿನ ಮೇಲೆ ಅಭ್ಯಾಸ ಮಾಡಿಸಿದ್ದೇವೆ,” ಎಂದರು ಅಕ್ಕ ನಿಧಾನವಾಗಿ. “ತಪ್ಪು ಅಂದ್ರೆ ತಪ್ಪು.”

ಆಗಿನ ನಗೆ ಮೊದಲಿನದಕ್ಕಿಂತ ಜೋರು. ತೆರೆಸಾ ಕೂಡ ನಕ್ಕರು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಎಂದು ಅವರ ಜೊತೆ ಕೆಲಸ ಮಾಡಿದ ಮೊಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ಒಂದು ವಿರೋಧದೊಂದಿಗೆ ನಿರ್ಣಯ ಅಂಗೀಕಾರವಾಯಿತು. ಹಲಗೆಯ ಮೇಲೆ ಎಪ್ಪತ್ತೆರಡನ್ನು ಅಳಿಸಿ ಎಪ್ಪತ್ತಮೂರು ಎಂದು ಬರೆದರು. ಅದಕ್ಕೆ ಬಿದ್ದಷ್ಟು ಚಪ್ಪಾಳೆ ನೂರ ಹದಿನೇಳಕ್ಕೂ ಬೀಳಲಿಲ್ಲ.

ಚಹಾದ ಹೊತ್ತಿಗೆ ಯೂಜಿನಣ್ಣ ಹಗುರಾಗಿದ್ದರು. ಇನ್ನು ಮುಂದೆ ಕುರ್ಚಿ ಹಾಕಿಸುವ ತಲೆನೋವು ಶೈಲೇಶನದು ಎಂದು ಎಲ್ಲರಿಗೂ ಹೇಳುತ್ತಿದ್ದರು. ಹೇಳುತ್ತ ಹೇಳುತ್ತಲೇ ಬಾಗಿದ್ದ ಎರಡು ಕುರ್ಚಿಗಳನ್ನು ನೆಟ್ಟಗೆ ಮಾಡಿದರು. ಶೈಲೇಶ ಬಂದು ಸುಕುಮಾರಣ್ಣನ ಪಕ್ಕ ಕೂತು, ಮುಂದಿನ ಶುಕ್ರವಾರ ಸಬ್ಹಾನಿಗೆ ಡಾಕ್ಟರ ಜೊತೆ ಹೋಗುವುದಿದೆ, ಅಲ್ಲಿನ ಹುಡುಗರಿಗೆ ನಿಮ್ಮ ಮಾತು ಬೇಕು, ಬರ್ತೀರಾ ಎಂದು ಕೇಳಿದ. ಬರುತ್ತೇನೆ, ಆದರೆ ಆ ಡಾಕ್ಟರ ಬಗ್ಗೆ ನನಗೊಂದು ಅಭಿಪ್ರಾಯ ಇದೆ ಎಂದು ಇವರು ಆರಂಭಿಸಿದರು.

ಐದು ಗಂಟೆಗೆ ನಾವೆಲ್ಲ ಹೊರಗೆ ಬಂದಾಗ ಸೂರ್ಯ ಮುಳುಗುತ್ತಿತ್ತು, ಕಡಲ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಕಾರು ಹತ್ತುವ ಬದಲು ಸುಕುಮಾರಣ್ಣ, ಸ್ವಲ್ಪ ನಡೆಯುವ ಎಂದು ಹೆಂಡತಿ ಮಗಳನ್ನು ಕಡಲ ದಂಡೆಗೆ ಕರೆದುಕೊಂಡು ಹೊರಟರು. ಸಿಗ್ನಲ್ಲಿನ ಹತ್ತಿರ ನಿಂತು ನಾನು ನೋಡುತ್ತಿದ್ದೆ. ಅವರು ಮುಂದೆ ಮುಂದೆ ಹೋಗುತ್ತ, ಹಿಂದೆ ತಿರುಗಿ ಹೆಂಡತಿಯ ನೀಲಿ ಬೆರಳು ತೋರಿಸಿ ಏನೋ ಕೇಳುತ್ತ, ಮತ್ತೆ ಮುಂದೆ ಹೋಗುತ್ತಿದ್ದರು. ಕುಸುಮಾವತಿಯಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ಬರುತ್ತಿದ್ದರು, ಇಲ್ಲ ಎಂಬಂತೆ ತಲೆಯಾಡಿಸುತ್ತ. ಅಕ್ಷಿತಾ ಇಬ್ಬರನ್ನೂ ಫೋನಿನಲ್ಲಿ ಹಿಡಿಯುತ್ತ, ನಗು ತಡೆಯಲಾರದೆ ಹಿಮ್ಮುಖವಾಗಿ ನಡೆಯುತ್ತಿದ್ದಳು.